ಗೇಮ್ ರಿಡೀಮ್ ಕೋಡ್: ಯಾವ ದಾರಿಯಲ್ಲಿ ಏನು ಸಿಗುತ್ತದೆ, ಯಾವುದನ್ನು ಬಿಡಬೇಕು

ಮೊಬೈಲ್ ಗೇಮ್ ಆಡುವವರು ದಿನ ಬೆಳಗಾದರೆ ಹುಡುಕುವುದು ‘ಇವತ್ತಿನ ಕೋಡ್ ಯಾವುದು’ ಅಂತ. ರಿಡೀಮ್ ಕೋಡ್ ಅಂದರೆ ಸರಿಯಾದ ಜಾಗದಲ್ಲಿ ಹಾಕಿದರೆ ಬಹುಮಾನ ಸಿಗುವ ಅಕ್ಷರ, ಅಂಕಿಗಳ ಸಾಲು. ಹುಡುಕುವ ಮೊದಲು ಗೊತ್ತಿರಬೇಕಾದ್ದು ಆ ಕೋಡನ್ನು ಎಲ್ಲಿ ಹಾಕಬೇಕು, ಹಾಕುವಾಗ ನಿಮ್ಮಿಂದ ಏನು ಕೇಳುತ್ತಾರೆ ಎಂಬುದು. ಕೆಲವು ಕಡೆ ಆಟದ ಐಡಿ ಕೊಟ್ಟರೆ ಸಾಕು. ಕೆಲವು ಕಡೆ ಫೇಸ್‌ಬುಕ್ ಅಥವಾ ಗೂಗಲ್ ಲಾಗಿನ್ ಮಾಡಲೇಬೇಕು. ಕೆಲವು ಆಟಗಳಲ್ಲಿ ಸೆಟ್ಟಿಂಗ್ಸ್ ಒಳಗೇ ಪೆಟ್ಟಿಗೆ ಇದೆ. ಇನ್ನು ಕೆಲವು ಕೋಡ್‌ಗಳು ಆಟಕ್ಕೆ ಸೇರಿದವೇ ಅಲ್ಲ, ಪ್ಲೇ ಸ್ಟೋರ್‌ಗೆ ಸೇರಿದವು. ಈ ನಾಲ್ಕು ದಾರಿಗಳಲ್ಲಿ ಸಿಗುವ ಲಾಭವೂ ಬೇರೆ, ಅಪಾಯವೂ ಬೇರೆ. ಬೆಂಗಳೂರಿನಂಥ ಊರಲ್ಲಿ ಮೆಟ್ರೋದಲ್ಲಿ ನಿಂತುಕೊಂಡು, ಪಿಜಿ ರೂಮಿನಲ್ಲಿ ಮಲಗಿಕೊಂಡು, ಅಪ್ಪನ ಫೋನ್ ಕಸಿದುಕೊಂಡು ಆಡುವವರಿಗೆ ಯಾವುದು ಹೊಂದುತ್ತದೆ ಎಂದು ಒಂದೊಂದಾಗಿ ನೋಡೋಣ.

ಐಡಿ ಮಾತ್ರ ಕೇಳುವ ಪುಟ

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಈ ಗುಂಪಿನದು. ಅದನ್ನು ನಡೆಸುವ ಕ್ರಾಫ್ಟನ್ ಕಂಪನಿಯ ಅಧಿಕೃತ ಜಾಲತಾಣದಲ್ಲಿ ರಿಡೀಮ್ ಪುಟ ಇದೆ. ಅಲ್ಲಿ ತುಂಬಬೇಕಾದ್ದು ಮೂರೇ: ಕ್ಯಾರೆಕ್ಟರ್ ಐಡಿ, ಕೋಡ್, ಕ್ಯಾಪ್ಚಾ. ಪಾಸ್‌ವರ್ಡ್ ಇಲ್ಲ, ಓಟಿಪಿ ಇಲ್ಲ. ಕಾಲ್ ಆಫ್ ಡ್ಯೂಟಿ ಮೊಬೈಲ್‌ನದೂ ಇದೇ ಲೆಕ್ಕ, ಅಲ್ಲಿ ಐಡಿಗೆ ಯುಐಡಿ ಅನ್ನುತ್ತಾರೆ. ನಮ್ಮ ಪ್ರಕಾರ ನಾಲ್ಕರಲ್ಲಿ ಅತ್ಯಂತ ಸುರಕ್ಷಿತ ದಾರಿ ಇದೇ. ತಪ್ಪು ಪುಟಕ್ಕೆ ಹೋಗಿ ಐಡಿ ಕೊಟ್ಟುಬಿಟ್ಟರೂ ಕಳ್ಳನಿಗೆ ಸಿಗುವುದು ಆಟದೊಳಗೆ ಎದುರಾಳಿಗಳಿಗೂ ಕಾಣುವ ಒಂದು ಸಂಖ್ಯೆ, ಅಷ್ಟೇ.

ಐಡಿಯನ್ನು ನೆನಪಿನಿಂದ ಟೈಪ್ ಮಾಡಬೇಡಿ. ಲಾಬಿಯಲ್ಲಿ (ಆಟ ತೆರೆದಾಗ ಬರುವ ಮುಖ್ಯ ಪರದೆ) ಪ್ರೊಫೈಲ್ ಚಿತ್ರ ಒತ್ತಿದರೆ ಹೆಸರಿನ ಹತ್ತಿರ ಅಂಕಿಗಳ ಸಾಲು ಕಾಣುತ್ತದೆ, ಅದನ್ನೇ ಕಾಪಿ ಮಾಡಿ. ಒಂದು ಅಂಕಿ ಹೆಚ್ಚುಕಮ್ಮಿಯಾದರೆ ಅದು ಇನ್ಯಾರದೋ ಐಡಿ ಆಗಬಹುದು.

ಇಲ್ಲಿಯ ಕಷ್ಟ ಸುರಕ್ಷತೆಯದಲ್ಲ, ಪೈಪೋಟಿಯದು. 2025ರಲ್ಲಿ ಕ್ರಾಫ್ಟನ್ ಸಾಲಾಗಿ ಬಿಟ್ಟ ಕೋಡ್‌ಗಳಿಗೆ ಒಂದು ಷರತ್ತಿತ್ತು: ಒಂದು ಕೋಡ್ ದಿನಕ್ಕೆ ಮೊದಲ 10 ಮಂದಿಗೆ ಮಾತ್ರ. ಒಬ್ಬರಿಗೆ ದಿನಕ್ಕೆ ಒಂದೇ ಕೋಡ್, ಗೆಸ್ಟ್ ಅಕೌಂಟ್‌ಗೆ (ಗೂಗಲ್, ಫೇಸ್‌ಬುಕ್ ಯಾವುದನ್ನೂ ಜೋಡಿಸದೆ ಆಡುವ ಖಾತೆಗೆ) ಏನೂ ಇಲ್ಲ. ದೇಶವಿಡೀ ಆಡುವ ಆಟದಲ್ಲಿ ಹತ್ತು ಮಂದಿ ಅಂದರೆ ನೀವು ಕೋಡ್ ನೋಡಿ, ಕಾಪಿ ಮಾಡಿ, ಕ್ಯಾಪ್ಚಾ ಬಿಡಿಸುವಷ್ಟರಲ್ಲಿ ಖಾಲಿ. ಆಗ ಬರುವ ‘ಕೋಡ್ ಎಕ್ಸ್‌ಪೈರ್ಡ್’, ‘ಆಲ್ರೆಡಿ ರಿಡೀಮ್ಡ್’ ಎಂಬ ಸಂದೇಶ ನೋಡಿ ನಿಮ್ಮ ಅಕೌಂಟಿಗೆ ಏನೋ ಆಗಿದೆ ಅಂದುಕೊಳ್ಳಬೇಕಿಲ್ಲ, ಬೇರೆಯವರು ಮೊದಲು ಮುಟ್ಟಿದ್ದಾರೆ. ಹೀಗಿರುವಾಗ ಮಧ್ಯಾಹ್ನ ಊಟದ ಹೊತ್ತಿಗೆ ಯಾವುದೋ ಸುದ್ದಿತಾಣದಲ್ಲಿ ‘ಇಂದಿನ ಬಿಜಿಎಂಐ ಕೋಡ್‌ಗಳು’ ಪಟ್ಟಿ ಓದುವುದು ದಂಡ. ಈ ಆಟಕ್ಕೆ ಅಧಿಕೃತ ಖಾತೆಯ ನೋಟಿಫಿಕೇಶನ್ ಆನ್ ಮಾಡಿಡುವುದೊಂದೇ ಅರ್ಥವಿರುವ ಕೆಲಸ. ಅದೂ ಆಗದಿದ್ದರೆ ಕೋಡ್ ಆಸೆ ಬಿಟ್ಟು ಆಟದೊಳಗಿನ ಈವೆಂಟ್ ಆಡುವುದು ಲಾಭ.

ಲಾಗಿನ್ ಕೇಳುವ ಪುಟ

ಫ್ರೀ ಫೈರ್ ಮ್ಯಾಕ್ಸ್ ಆಡುವವರಿಗೆ ಬೇರೆ ದಾರಿಯಿಲ್ಲ. 2022ರ ಫೆಬ್ರವರಿಯಲ್ಲಿ ಮೂಲ ಫ್ರೀ ಫೈರ್ ಭಾರತದಲ್ಲಿ ನಿಷೇಧವಾಯಿತು, ಮ್ಯಾಕ್ಸ್ ಉಳಿದುಕೊಂಡಿತು. ಅದರ ಕೋಡ್ ಹಾಕುವ ಜಾಗ ಆಟದ ಕಂಪನಿ ಗರೇನಾದ ಪುಟ, ರಿವಾರ್ಡ್ ಡಾಟ್ ಎಫ್‌ಎಫ್ ಡಾಟ್ ಗರೇನಾ ಡಾಟ್ ಕಾಮ್. ಆಟಕ್ಕೆ ಯಾವ ಅಕೌಂಟ್ ಜೋಡಿಸಿದ್ದೀರೋ (ಫೇಸ್‌ಬುಕ್, ಗೂಗಲ್, ಆ್ಯಪಲ್ ಹೀಗೆ) ಅದರಿಂದಲೇ ಲಾಗಿನ್ ಆಗಬೇಕು. ಕೋಡ್ 12 ಅಥವಾ 16 ಅಕ್ಷರಗಳದು, ಇಂಗ್ಲಿಷ್ ದೊಡ್ಡಕ್ಷರ ಮತ್ತು ಅಂಕಿಗಳು ಮಾತ್ರ. ಪಟ್ಟಿಯಲ್ಲಿ 11 ಅಥವಾ 14 ಅಕ್ಷರದ ‘ಕೋಡ್’ ಕಂಡರೆ ಅದನ್ನು ಪ್ರಯತ್ನಿಸುವ ಅಗತ್ಯವೇ ಇಲ್ಲ. ಡೈಮಂಡ್, ಗೋಲ್ಡ್ ನೇರ ವ್ಯಾಲೆಟ್‌ಗೆ ಸೇರುತ್ತವೆ, ವಸ್ತುಗಳಿದ್ದರೆ ಲಾಬಿಯ ವಾಲ್ಟ್‌ನಲ್ಲಿ ಕಾಣುತ್ತವೆ. ಕೂಡಲೇ ಬರದಿದ್ದರೆ ಒಂದು ದಿನ ಕಾದು ನೋಡಿ, ಆಮೇಲೆ ದೂರು.

ಗೆಸ್ಟ್ ಅಕೌಂಟ್‌ನಲ್ಲಿ ಆಡುವವರು ಮೊದಲು ಆಟದ ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ಬೈಂಡ್ ಮಾಡಬೇಕು, ಅಂದರೆ ಫೇಸ್‌ಬುಕ್, ಗೂಗಲ್‌ನಂಥ ಖಾತೆಗೆ ಜೋಡಿಸಬೇಕು. ಇದನ್ನು ಕೋಡ್‌ಗಾಗಿ ಅಲ್ಲದಿದ್ದರೂ ಮಾಡಿ. ಗೆಸ್ಟ್ ಅಕೌಂಟ್ ಫೋನಿಗೆ ಅಂಟಿಕೊಂಡಿರುತ್ತದೆ, ಫೋನ್ ಫಾರ್ಮ್ಯಾಟ್ ಆದರೆ ವರ್ಷಗಟ್ಟಲೆ ಕೂಡಿಟ್ಟದ್ದು ಹೋಯಿತು. ಆದರೆ ಅಪ್ಪ ಅಮ್ಮನ ಮುಖ್ಯ ಗೂಗಲ್ ಅಕೌಂಟ್‌ಗೆ ಬೈಂಡ್ ಮಾಡಬೇಡಿ. ಆ ಅಕೌಂಟ್‌ಗೆ ಮನೆಯ ಫೋಟೋಗಳಿಂದ ಹಿಡಿದು ಬ್ಯಾಂಕಿನ ಇಮೇಲ್‌ವರೆಗೆ ಎಲ್ಲವೂ ಜೋಡಣೆಯಾಗಿರುತ್ತದೆ. ಆಟಕ್ಕೆಂದೇ ಒಂದು ಅಕೌಂಟ್ ಇರಲಿ.

ಇಷ್ಟು ಎಚ್ಚರಿಕೆ ಯಾಕೆಂದರೆ ಈ ದಾರಿಯಲ್ಲೇ ಕಳ್ಳಪುಟಗಳು ಹೆಚ್ಚು. ಅಸಲಿ ಪುಟವೇ ಲಾಗಿನ್ ಕೇಳುವುದರಿಂದ ನಕಲಿ ಪುಟ ಲಾಗಿನ್ ಕೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಬಣ್ಣ, ಲೋಗೋ, ಬಟನ್ ಎಲ್ಲ ಒಂದೇ ಥರ. ವ್ಯತ್ಯಾಸ ಕಾಣುವುದು ವಿಳಾಸದಲ್ಲಿ ಮಾತ್ರ, ಅದನ್ನೂ ಬಲಗಡೆಯಿಂದ ಓದಬೇಕು. ಮೊದಲ ಒಂಟಿ ಓರೆಗೆರೆಗೆ ಮುಂಚೆ, ಕೊನೆಯಲ್ಲಿ ‘ಡಾಟ್ ಗರೇನಾ ಡಾಟ್ ಕಾಮ್’ ಇದ್ದರೆ ಸರಿ. ‘ಗರೇನಾ ಡಾಟ್ ಕಾಮ್ ಡಾಟ್ ಗಿಫ್ಟ್ ಡಾಟ್ ಇನ್ನೇನೋ’ ಅಂತ ಮುಂದುವರಿದರೆ ಅದು ‘ಇನ್ನೇನೋ’ದ ಪುಟ, ಗರೇನಾದ್ದಲ್ಲ. ಫೋನಿನ ಬ್ರೌಸರ್ ಉದ್ದ ವಿಳಾಸವನ್ನು ಕತ್ತರಿಸಿ ತೋರಿಸುತ್ತದೆ, ಹಾಗಾಗಿ ವಿಳಾಸದ ಮೇಲೆ ಒತ್ತಿ ಪೂರ್ತಿ ನೋಡಿ. ಇನ್ನೂ ಸುಲಭ ಉಪಾಯವೆಂದರೆ ಅಸಲಿ ಪುಟವನ್ನು ಒಮ್ಮೆ ಬುಕ್‌ಮಾರ್ಕ್ ಮಾಡಿಟ್ಟು ಪ್ರತಿಸಲ ಅಲ್ಲಿಂದಲೇ ಹೋಗುವುದು. ವಾಟ್ಸ್ಆ್ಯಪ್ ಗ್ರೂಪಿನ ಲಿಂಕ್‌ನಿಂದ ಕೋಡ್ ಮಾತ್ರ ತೆಗೆದುಕೊಳ್ಳಿ, ಲಿಂಕ್ ಒತ್ತಬೇಡಿ.

ಇನ್ನೊಂದು ತೊಡಕು ಸರ್ವರ್‌ನದು. ಇಂಡೋನೇಷ್ಯಾ, ಬ್ರೆಜಿಲ್ ಸರ್ವರ್‌ಗಳಿಗೆ ಬಿಟ್ಟ ಕೋಡ್ ಭಾರತದ ಅಕೌಂಟಿಗೆ ನಡೆಯುವುದಿಲ್ಲ. ಪಟ್ಟಿ ಹಾಕುವವರು ಎಲ್ಲವನ್ನೂ ಒಂದೇ ಕಡೆ ಸುರಿದಿರುತ್ತಾರೆ. ನಿಮ್ಮ ಪ್ರದೇಶದಲ್ಲಿ ಬಳಸಲಾಗದು ಎಂಬ ಸಂದೇಶ ಬಂದರೆ ವಿಪಿಎನ್ ಹಾಕಿ ಸಾಹಸ ಮಾಡಬೇಡಿ. ಅಕೌಂಟ್ ಯಾವ ಪ್ರದೇಶದಲ್ಲಿ ಹುಟ್ಟಿತೋ ಆ ಪ್ರದೇಶದ್ದೇ, ನೀವು ಎಲ್ಲಿ ಕುಳಿತು ಲಾಗಿನ್ ಆದರೂ ಬದಲಾಗದು.

ಆಟದೊಳಗಿನ ಪೆಟ್ಟಿಗೆ

ಕೋಡ್‌ಗಾಗಿ ಸಮಯ ಹಾಕಿದರೆ ಲೆಕ್ಕ ಸರಿಹೋಗುವುದು ಇಲ್ಲಿ. ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಅಡ್ವೆಂಚರ್ ರ್‍ಯಾಂಕ್ 10 ತಲುಪಿದವರು ಪೈಮನ್ ಮೆನು, ಸೆಟ್ಟಿಂಗ್ಸ್, ಅಕೌಂಟ್, ರಿಡೀಮ್ ಕೋಡ್ ಎಂದು ಹೋದರೆ ಸಾಕು. ಜಾಲತಾಣದಲ್ಲೂ ಹಾಕಬಹುದು, ಆಗ ಸರ್ವರ್ ಆರಿಸಬೇಕು. ನಮ್ಮಲ್ಲಿ ಬಹುತೇಕರದ್ದು ಏಷ್ಯಾ ಸರ್ವರ್. ಇಲ್ಲಿ ‘ಮೊದಲ ಹತ್ತು ಮಂದಿ’ ಎಂಬ ಓಟವಿಲ್ಲ, ಗಡುವಿನೊಳಗೆ ಹಾಕಿದವರಿಗೆಲ್ಲ ಸಿಗುತ್ತದೆ. ಬಹುಮಾನ ಆಟದೊಳಗಿನ ಮೇಲ್‌ಗೆ ಬರುತ್ತದೆ. ಒಂದರ ಹಿಂದೆ ಒಂದು ಕೋಡ್ ಹಾಕುವಾಗ ನಡುವೆ ಐದಾರು ಸೆಕೆಂಡ್ ಬಿಡಿ, ಇಲ್ಲದಿದ್ದರೆ ಕೂಲ್‌ಡೌನ್ ಎಂದು ತಳ್ಳಿಹಾಕುತ್ತದೆ.

ಲಾಭದ ಲೆಕ್ಕ ನೋಡಿ. ಸುಮಾರು 42 ದಿನಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಅದಕ್ಕೆ ಮುಂಚಿನ ಲೈವ್‌ಸ್ಟ್ರೀಮ್‌ನಲ್ಲಿ ಮೂರು ಕೋಡ್ ಬಿಡುವುದು ರೂಢಿ, ಒಂದಕ್ಕೆ 100 ಪ್ರೈಮೋಜೆಮ್ (ಆಟದೊಳಗಿನ ನಾಣ್ಯ), ಒಟ್ಟು 300. ಹೊಸ ಪಾತ್ರಕ್ಕಾಗಿ ಲಾಟರಿಯಂತೆ ಅದೃಷ್ಟ ನೋಡುವ ಒಂದು ವಿಶ್‌ಗೆ ಬೇಕಾದ್ದು 160. ಎರಡು ವಿಶ್‌ಗೆ 20 ಕಡಿಮೆ! ಹೊಸಬರಿಗೆ ಈ ಕೊರತೆ ನೀಗಿಸುವ ಹಳೆಯ ಕೋಡ್ ಒಂದಿದೆ: ಗೆನ್‌ಶಿನ್‌ಗಿಫ್ಟ್, ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ನಡುವೆ ಜಾಗ ಬಿಡದೆ. ಇದು ಬಹಳ ಕಾಲದಿಂದ ನಡೆಯುತ್ತಿರುವ ಕೋಡ್, ಒಂದು ಅಕೌಂಟಿಗೆ ಒಮ್ಮೆ ಮಾತ್ರ, 50 ಪ್ರೈಮೋಜೆಮ್ ಕೊಡುತ್ತದೆ. ಐದು ನಕ್ಷತ್ರದ ಪಾತ್ರ ಖಚಿತವಾಗಿ ಸಿಗುವ 90ನೇ ವಿಶ್‌ವರೆಗೆ 14,400 ಬೇಕು ಎಂದಾಗ ಕೋಡ್ ಬರೀ ಉಪ್ಪಿನಕಾಯಿ, ಊಟವಲ್ಲ. ಆದರೂ ಎರಡು ನಿಮಿಷದ ಕೆಲಸಕ್ಕೆ 300 ಕೆಟ್ಟ ಕೂಲಿಯೇನಲ್ಲ.

ಎಡವುವುದು ಸಮಯದಲ್ಲಿ. ಗಡುವನ್ನು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಅಥವಾ ಸರ್ವರ್ ಸಮಯದಲ್ಲಿ ಬರೆದಿರುತ್ತಾರೆ. ಯುಟಿಸಿಗೆ ಐದೂವರೆ ಗಂಟೆ ಕೂಡಿದರೆ ನಮ್ಮ ಸಮಯ: ಅಲ್ಲಿ 16:00 ಅಂದರೆ ನಮಗೆ ರಾತ್ರಿ 9:30. ಏಷ್ಯಾ ಸರ್ವರ್ ಯುಟಿಸಿಗಿಂತ ಎಂಟು ಗಂಟೆ ಮುಂದೆ, ಅಂದರೆ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಗಿನ ಜಾವ 4ಕ್ಕೆ ದಿನ ಬದಲಾದಾಗ ಬೆಂಗಳೂರಲ್ಲಿ ರಾತ್ರಿ 1:30. ಅಮೆರಿಕದ ಪಶ್ಚಿಮ ಕರಾವಳಿಯ ಮಧ್ಯರಾತ್ರಿ ಎಂದು ಬರೆದಿದ್ದರೆ ಬೇಸಿಗೆಯಲ್ಲಿ ಅದು ನಮ್ಮ ಮಧ್ಯಾಹ್ನ 12:30, ಚಳಿಗಾಲದಲ್ಲಿ 1:30. ‘ಇವತ್ತೇ ಕೊನೆ ಅಂತಿತ್ತು, ರಾತ್ರಿ ಹಾಕಿದೆ, ನಡೆಯಲಿಲ್ಲ’ ಎಂಬ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಇದೇ.

ಐಫೋನ್ ಇರುವವರಿಗೆ ಒಂದು ಮಾತು. ಯೂಟ್ಯೂಬ್ ವಿಡಿಯೋದಲ್ಲಿ ತೋರಿಸಿದ ಪೆಟ್ಟಿಗೆ ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ ಆಟ ಹಳೆಯದಾಗಿದೆ ಎಂದೇ ಅರ್ಥವಲ್ಲ. ಆ್ಯಪ್ ಸ್ಟೋರ್ ನಿಯಮಾವಳಿಯ 3.1.1ನೇ ಅಂಶ ಆ್ಯಪ್‌ನೊಳಗೆ ಕೋಡ್‌ನಂಥ ಸ್ವಂತ ವ್ಯವಸ್ಥೆಯಿಂದ ವಸ್ತು ತೆರೆಯುವುದನ್ನು ತಡೆಯುತ್ತದೆ. ಅದಕ್ಕೇ ಪೋಕೆಮಾನ್ ಗೋ ಆಟದ ಕೋಡನ್ನು ಆಂಡ್ರಾಯ್ಡ್‌ನವರು ಆಟದ ಅಂಗಡಿಯಲ್ಲೇ ಹಾಕಬಹುದು, ಐಫೋನ್‌ನವರು ಜಾಲತಾಣಕ್ಕೆ ಹೋಗಬೇಕು.

ಪ್ಲೇ ಸ್ಟೋರ್ ಕೋಡ್ ಬೇರೆಯೇ ಜಾತಿ

ಜನ ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲಿ. ಆಟದ ಕೋಡನ್ನು ಪ್ಲೇ ಸ್ಟೋರ್‌ನಲ್ಲಿ ಹಾಕುತ್ತಾರೆ, ಪ್ಲೇ ಸ್ಟೋರ್ ಕೋಡನ್ನು ಆಟದಲ್ಲಿ ಹಾಕುತ್ತಾರೆ, ಎರಡೂ ಕಡೆ ‘ಇನ್‌ವ್ಯಾಲಿಡ್’. ಗೂಗಲ್ ಪ್ಲೇ ರೀಚಾರ್ಜ್ ಕೋಡ್ ಅಥವಾ ಡೆವಲಪರ್ ಕೊಟ್ಟ ಪ್ಲೇ ಪ್ರೋಮೋ ಕೋಡ್ ಹೋಗಬೇಕಾದ ಜಾಗ: ಪ್ಲೇ ಸ್ಟೋರ್, ಬಲಮೇಲಿನ ಪ್ರೊಫೈಲ್ ಚಿತ್ರ, ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಶನ್ಸ್, ರಿಡೀಮ್ ಕೋಡ್. ಸಬ್‌ಸ್ಕ್ರಿಪ್ಶನ್ ಕೋಡ್ ಬಿಟ್ಟರೆ ಒಂದು ಆ್ಯಪ್‌ಗೆ ಮೂರು ತಿಂಗಳಿಗೆ 500 ಪ್ರೋಮೋ ಕೋಡ್ ಮಾತ್ರ ಹೊರಡಿಸಲು ಗೂಗಲ್ ಬಿಡುತ್ತದೆ. ಆದ್ದರಿಂದ ‘ಲಕ್ಷ ಮಂದಿಗೆ ಉಚಿತ ಪ್ಲೇ ಕೋಡ್’ ಎಂಬ ಯಾವ ಘೋಷಣೆಯೂ ಲೆಕ್ಕಕ್ಕೇ ಕೂಡುವುದಿಲ್ಲ.

ಹೇಗಿದ್ದರೂ ಆಟಕ್ಕೆ ದುಡ್ಡು ಹಾಕುವವರಾದರೆ ಪುಕ್ಕಟೆ ಕೋಡ್ ಹಿಂದೆ ಓಡುವುದಕ್ಕಿಂತ ಈ ದಾರಿ ಮೇಲು. ಪಾವತಿ ಆ್ಯಪ್‌ಗಳಲ್ಲಿ, ಶಾಪಿಂಗ್ ತಾಣಗಳಲ್ಲಿ ರೀಚಾರ್ಜ್ ಕೋಡ್ ಮೇಲೆ ಆಗಾಗ ಕ್ಯಾಶ್‌ಬ್ಯಾಕ್ ಇರುತ್ತದೆ, ಅದರ ಮೇಲೆ ಖರ್ಚಿಗೆ ತಕ್ಕ ಪ್ಲೇ ಪಾಯಿಂಟ್ಸ್ ಸಿಗುತ್ತವೆ. ಕೈಯಿಂದ ಬಿಡಿಗಾಸೂ ಹಾಕದವರಿಗೆ ಗೂಗಲ್ ಒಪಿನಿಯನ್ ರಿವಾರ್ಡ್ಸ್ ಇದೆ. ಸಮೀಕ್ಷೆಗೆ ಉತ್ತರಿಸಿದರೆ ಪ್ಲೇ ಬ್ಯಾಲೆನ್ಸ್ ಸೇರುತ್ತದೆ, ಒಂದು ವರ್ಷದೊಳಗೆ ಖರ್ಚು ಮಾಡಬೇಕು. ನಿಧಾನ, ಆದರೆ ಸಿಕ್ಕಿದ್ದು ಖಚಿತ, ಯಾವ ಆಟಕ್ಕೂ ಬಳಸಬಹುದು.

ಎರಡು ಎಚ್ಚರಿಕೆ. ಬೇರೆ ದೇಶದ ಗಿಫ್ಟ್ ಕಾರ್ಡ್ ಭಾರತದ ಪ್ಲೇ ಅಕೌಂಟಿಗೆ ನಡೆಯುವುದಿಲ್ಲ. ಅಮೆರಿಕದಲ್ಲಿರುವ ಅಣ್ಣ ಕಳಿಸಿದ ಡಾಲರ್ ಕಾರ್ಡ್ ವೈಟ್‌ಫೀಲ್ಡ್‌ನ ಫೋನಿಗೆ ಬರೀ ಅಂಕಿ. ಮತ್ತೆ, ಒಂದೇ ಫೋನಿನಲ್ಲಿ ಎರಡು ಮೂರು ಗೂಗಲ್ ಅಕೌಂಟ್ ಇದ್ದರೆ ಕೋಡ್ ಆ ಕ್ಷಣ ಪ್ಲೇ ಸ್ಟೋರ್‌ನಲ್ಲಿ ತೆರೆದಿರುವ ಅಕೌಂಟಿಗೆ ಹೋಗುತ್ತದೆ. ಅಮ್ಮನ ಅಕೌಂಟಿಗೆ ಸೇರಿದ ಬ್ಯಾಲೆನ್ಸನ್ನು ನಿಮ್ಮದಕ್ಕೆ ದಾಟಿಸಲು ಬರುವುದಿಲ್ಲ. ಕೋಡ್ ಹಾಕುವ ಮುನ್ನ ಮೂಲೆಯ ಚಿತ್ರ ಯಾರದ್ದೆಂದು ನೋಡಿ.

ಕೋಡ್ ತರುವುದು ಎಲ್ಲಿಂದ

ಆಟದ ಅಧಿಕೃತ ಇನ್‌ಸ್ಟಾಗ್ರಾಂ, ಯೂಟ್ಯೂಬ್, ಡಿಸ್ಕಾರ್ಡ್ ಖಾತೆಗಳು ಮೊದಲ ಆಯ್ಕೆ, ಇದರಲ್ಲಿ ಚರ್ಚೆಗೇ ಎಡೆಯಿಲ್ಲ. ಪಟ್ಟಿ ಹಾಕುವ ತಾಣಗಳನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಗೆನ್‌ಶಿನ್‌ನಂಥ, ಗಡುವು ಉದ್ದವಿರುವ ಆಟಗಳಿಗೆ ಅವು ಉಪಯೋಗಕ್ಕೆ ಬರುತ್ತವೆ. ಒಳ್ಳೆಯ ತಾಣವನ್ನು ಗುರುತಿಸುವುದು ಸುಲಭ: ಅವಧಿ ಮುಗಿದ ಕೋಡ್‌ಗಳನ್ನು ಬೇರೆ ಪಟ್ಟಿಯಲ್ಲಿ ಇಟ್ಟಿರುತ್ತದೆ, ಪ್ರತಿ ಕೋಡ್‌ನ ಎದುರು ಏನು ಸಿಗುತ್ತದೆಂದು ಬರೆದಿರುತ್ತದೆ, ಕೋಡ್ ನೋಡಲು ಏನನ್ನೂ ಡೌನ್‌ಲೋಡ್ ಮಾಡಿಸುವುದಿಲ್ಲ. ದಿನಾಂಕ ಮಾತ್ರ ಬದಲಿಸಿ ಹಳೆಯ ಮೂವತ್ತು ಕೋಡ್ ಮತ್ತೆ ಮತ್ತೆ ಹಾಕುವ ತಾಣಕ್ಕೆ ಬೇಕಿರುವುದು ನಿಮ್ಮ ಕ್ಲಿಕ್ ಮಾತ್ರ.

ರೋಬ್ಲಾಕ್ಸ್ ಸಂಗತಿ ಸ್ವಲ್ಪ ಬೇರೆ. ಅಲ್ಲಿ ಒಂದೊಂದು ಆಟವನ್ನೂ ಬೇರೆ ಬೇರೆ ಡೆವಲಪರ್ ಮಾಡಿರುತ್ತಾರೆ, ಒಂದರ ಕೋಡ್ ಇನ್ನೊಂದರಲ್ಲಿ ನಡೆಯದು. ಆ ಡೆವಲಪರ್‌ನ ಡಿಸ್ಕಾರ್ಡ್ ನೋಡಬೇಕು. ಯಾವ ಕೋಡೂ ಪುಕ್ಕಟೆ ರೋಬಕ್ಸ್ ಉತ್ಪಾದಿಸಿ ಕೊಡುವುದಿಲ್ಲ.

ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನ ‘ಕ್ರಿಯೇಟರ್ ಕೋಡ್’ ನೋಡಿ ಆಸೆಪಡಬೇಡಿ. ಅದನ್ನು ಹಾಕಿದರೆ ನೀವು ಕೊಳ್ಳುವಾಗ ಒಂದು ಪಾಲು ಆ ಯೂಟ್ಯೂಬರ್‌ಗೆ ಹೋಗುತ್ತದೆ. ನಿಮಗೆ ಹೆಚ್ಚುವರಿ ಖರ್ಚಿಲ್ಲ, ಹೆಚ್ಚುವರಿ ಜೆಮ್ಸೂ ಇಲ್ಲ. ಮೆಚ್ಚಿದವರಿಗೆ ಬೆಂಬಲ ಕೊಡಲು ಸರಿ.

ಕಾರ್ಯಕ್ರಮಗಳಲ್ಲಿ ಹಂಚುವ ಕಾರ್ಡ್‌ಗಳೂ ಇವೆ. ವೈಟ್‌ಫೀಲ್ಡ್‌ನ ಕೆಟಿಪಿಒದಲ್ಲಿ ನಡೆಯುವ ಕಾಮಿಕ್ ಕಾನ್‌ನಂಥ ಕಡೆ ಗೇಮಿಂಗ್ ಮಳಿಗೆಯಲ್ಲಿ ಕೋಡ್ ಸಿಕ್ಕರೆ ಅದರ ಫೋಟೋ ಸ್ಟೇಟಸ್‌ಗೆ ಹಾಕುವ ಮುನ್ನ ರಿಡೀಮ್ ಮಾಡಿ. ಒಮ್ಮೆ ಮಾತ್ರ ಬಳಸಬಹುದಾದ ಕೋಡ್ ಆದರೆ ನೋಡಿದವರ ಪಾಲು. ಮೊಬೈಲ್ ರೀಚಾರ್ಜ್ ಪ್ಯಾಕ್ ಜೊತೆ ಬರುವ ಗೇಮ್ ಕೂಪನ್ ಕೂಡ ಹಾಗೆಯೇ, ಸಾಮಾನ್ಯವಾಗಿ ಆ ಕಂಪನಿಯ ಆ್ಯಪ್‌ನೊಳಗೆ ಅಡಗಿರುತ್ತದೆ, ಎಸ್‌ಎಂಎಸ್‌ಗೆ ಕಾಯಬೇಡಿ.

ಕೋಡ್ ಜನರೇಟರ್, ‘ಅನ್‌ಲಿಮಿಟೆಡ್ ಡೈಮಂಡ್’ ಎಪಿಕೆ (ಪ್ಲೇ ಸ್ಟೋರ್ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್ ಫೈಲ್), ಟೆಲಿಗ್ರಾಂನಲ್ಲಿ ‘₹50 ಕಳಿಸಿದರೆ ₹500ರ ಕೋಡ್’: ಇವನ್ನು ಹೋಲಿಕೆಗೂ ತೆಗೆದುಕೊಳ್ಳಬೇಕಿಲ್ಲ. ಕೋಡ್ ಸರಿಯೋ ಅಲ್ಲವೋ ಎಂದು ತೀರ್ಮಾನಿಸುವುದು ಕಂಪನಿಯ ಸರ್ವರ್. ಹೊರಗೆ ಯಾರೋ ಹುಟ್ಟಿಸಿದ ಅಕ್ಷರಮಾಲೆ ಆ ದಾಖಲೆಯಲ್ಲಿ ಇರುವುದೇ ಇಲ್ಲ. ‘ಬಹುಮಾನ ಪಡೆಯಲು ಯುಪಿಐ ಪಿನ್ ಹಾಕಿ’ ಅಂದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಬರಲು ಪಿನ್ ಬೇಕಿಲ್ಲ, ಹೋಗಲು ಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ನಿಮ್ಮ ವಿಭಾಗದ ಸೆನ್ ಪೊಲೀಸ್ ಠಾಣೆ.

ರಮ್ಮಿ, ಫ್ಯಾಂಟಸಿ ಆಟಗಳ ‘ಬೋನಸ್ ಕೋಡ್’ ಇನ್ನೂ ಹರಿದಾಡುತ್ತಿವೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟವನ್ನೂ ಅದರ ಜಾಹೀರಾತನ್ನೂ ನಿಷೇಧಿಸಿತು. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಎಂಪಿಎಲ್ (ಮೊಬೈಲ್ ಪ್ರೀಮಿಯರ್ ಲೀಗ್) ಕೂಡ ಆಗ ಹಣದ ಆಟ ನಿಲ್ಲಿಸಿತು. ಅಂಥ ಕೋಡ್ ಈಗ ಯಾರಾದರೂ ಕೊಟ್ಟರೆ ಹಿಂದಿರುವ ಆ್ಯಪ್ ಯಾವುದೆಂದು ನೀವೇ ಊಹಿಸಿ.

ಸರಿಯಾದ ಕೋಡೂ ನಡೆಯದಿದ್ದಾಗ

ಸೊನ್ನೆಯೂ ಇಂಗ್ಲಿಷ್ ‘ಓ’ ಕೂಡ ಒಂದೇ ಥರ ಕಾಣುತ್ತವೆ, ಒಂದು ಮತ್ತು ದೊಡ್ಡ ‘ಐ’ ಕೂಡ. ಚಿತ್ರದಲ್ಲಿರುವ ಕೋಡನ್ನು ಕಣ್ಣಳತೆಯಲ್ಲಿ ಟೈಪ್ ಮಾಡುವ ಬದಲು ಗೂಗಲ್ ಲೆನ್ಸ್‌ನಿಂದ ಅಕ್ಷರ ಎತ್ತಿಕೊಳ್ಳಿ, ಆದರೂ ಒಮ್ಮೆ ತಾಳೆ ನೋಡಿ. ಕಾಪಿ ಮಾಡುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಅಂಟಿಕೊಂಡು ಬರುವುದು ಸಾಮಾನ್ಯ. ಅಂಟಿಸಿದ ಮೇಲೆ ಕರ್ಸರ್ ಕೊನೆಗೆ ಒಯ್ದು ಒಮ್ಮೆ ಅಳಿಸು ಒತ್ತಿ, ಅಕ್ಷರ ಹೋದರೆ ಮತ್ತೆ ಹಾಕಿ, ಹೋಗದಿದ್ದರೆ ಅಲ್ಲಿದ್ದದ್ದು ಖಾಲಿ ಜಾಗವೇ.

ಕನ್ನಡ ಕೀಬೋರ್ಡ್ ಬಳಸುವವರಿಗೆ ಇನ್ನೊಂದು ಕಾಟ. ಕನ್ನಡದ ‘೦’ ಮತ್ತು ಇಂಗ್ಲಿಷಿನ ‘0’ ಪರದೆಯ ಮೇಲೆ ಅಣ್ಣತಮ್ಮಂದಿರು, ಕಂಪ್ಯೂಟರಿಗೆ ಸಂಬಂಧವೇ ಇಲ್ಲದ ಎರಡು ಚಿಹ್ನೆ. ಕನ್ನಡ ಲೇಔಟ್‌ನಲ್ಲೇ ಅಂಕಿ ಒತ್ತಿದರೆ ಕೋಡ್ ನೋಡಲು ಸರಿಯಾಗಿಯೇ ಇರುತ್ತದೆ, ಆದರೂ ‘ಇನ್‌ವ್ಯಾಲಿಡ್’. ಕೋಡ್ ಹಾಕುವ ಮೊದಲು ಇಂಗ್ಲಿಷ್ ಲೇಔಟ್‌ಗೆ ಬನ್ನಿ.

ಮೆಟ್ರೋ ಸುರಂಗದಲ್ಲಿ ಸಿಗ್ನಲ್ ಬಂದು ಹೋಗುವಾಗ ಸಬ್ಮಿಟ್ ಒತ್ತಿ, ಪುಟ ತಿರುಗುತ್ತಿದೆ ಎಂದು ಮತ್ತೆ ಒತ್ತಿದರೆ ‘ಈಗಾಗಲೇ ಬಳಸಲಾಗಿದೆ’ ಎಂದು ಬರಬಹುದು. ಮೊದಲ ಒತ್ತು ತಲುಪಿರುತ್ತದೆ, ಉತ್ತರ ಮಾತ್ರ ನಿಮಗೆ ತಲುಪಿರುವುದಿಲ್ಲ. ಆಗ ಆಟದ ಮೇಲ್ ತೆರೆದು ನೋಡಿ. ಆ ಮೇಲ್‌ಗೂ ಗಡುವಿದೆ, ‘ಕ್ಲೇಮ್’ ಒತ್ತುವವರೆಗೆ ಬಹುಮಾನ ನಿಮ್ಮದಲ್ಲ.

ಇಷ್ಟಾದರೂ ಬಾರದಿದ್ದರೆ ಆಟದೊಳಗಿನ ಕಸ್ಟಮರ್ ಸಪೋರ್ಟ್‌ಗೆ ಬರೆಯಿರಿ. ಕ್ಯಾರೆಕ್ಟರ್ ಐಡಿ, ಸರ್ವರ್, ಕೋಡ್, ಹಾಕಿದ ದಿನಾಂಕ ಮತ್ತು ಸಮಯ, ಬಂದ ಸಂದೇಶದ ಸ್ಕ್ರೀನ್‌ಶಾಟ್ ಎಲ್ಲವೂ ಮೊದಲ ಪತ್ರದಲ್ಲೇ ಇರಲಿ. ಸ್ಕ್ರೀನ್‌ಶಾಟ್ ಕತ್ತರಿಸಬೇಡಿ, ಮೇಲಿನ ಪಟ್ಟಿಯಲ್ಲಿರುವ ಗಡಿಯಾರವೂ ಕಾಣಬೇಕು.